ಸಣ್ಣ ಡಿಸ್ಕ್‌ನಿಂದ ದೊಡ್ಡ ಡಿಸ್ಕ್‌ಗೆ: ವಿಂಡೋಸ್ ಸಮೇತ ಸಾಗಿಸುವುದು ಹೇಗೆ?

[ಸ್ಕ್ರೀನ್ ಮೇಲೆ: ಸಿ ಡ್ರೈವ್‌ನ ಕೆಂಪು ಪಟ್ಟಿ]

ಸಿ ಡ್ರೈವ್ ಕೆಂಪಾಗಿದೆ. ರಿಸೈಕಲ್ ಬಿನ್ ಖಾಲಿ ಮಾಡಿದ್ದಾಯಿತು, ಡೌನ್‌ಲೋಡ್ಸ್ ಫೋಲ್ಡರ್ ಗುಡಿಸಿದ್ದಾಯಿತು. ಎರಡೇ ದಿನ, ಮತ್ತೆ ಕೆಂಪು. ಕೊನೆಗೆ ದೊಡ್ಡ ಡಿಸ್ಕ್ ತಂದಿದ್ದೀರಿ. ಈಗ ಹಳೆಯದರಲ್ಲಿ ಇರುವುದೆಲ್ಲ ಹೊಸದಕ್ಕೆ ಹೋಗಬೇಕು. ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡುವ ಗೋಳು ಬೇಡ, ಒಂದೊಂದೇ ಸಾಫ್ಟ್‌ವೇರ್ ಹುಡುಕಿ ಹಾಕುವ ಗೋಳೂ ಬೇಡ.

ನಮಸ್ಕಾರ. ಇವತ್ತು ಅದನ್ನೇ ಮಾಡೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಪಿ ಆಗುವುದು ಇಲ್ಲಿ ಕಷ್ಟದ ಭಾಗವೇ ಅಲ್ಲ, ಅದು ಸಾಫ್ಟ್‌ವೇರ್ ಕೆಲಸ. ನಾವು ಎಡವುವುದು ಕಾಪಿಗೆ ಮೊದಲು ಮತ್ತು ಕಾಪಿ ಆದ ಮೇಲೆ.

"ಎಲ್ಲ ಸೆಲೆಕ್ಟ್ ಮಾಡಿ ಕಾಪಿ, ಪೇಸ್ಟ್ ಮಾಡಿದರೆ ಆಯಿತಲ್ವಾ?" ಬರೀ ಫೋಟೋ, ಹಾಡು, ಡಾಕ್ಯುಮೆಂಟ್ ಆದರೆ ಧಾರಾಳವಾಗಿ ಮಾಡಿ. ಆದರೆ ಹಾಗೆ ಮಾಡಿದ ಡಿಸ್ಕ್‌ನಿಂದ ಕಂಪ್ಯೂಟರ್ ಆನ್ ಆಗುವುದಿಲ್ಲ. ಯಾಕೆ ಅಂತ ನೋಡೋಣ.

[ಸ್ಕ್ರೀನ್ ಮೇಲೆ: ಡಿಸ್ಕ್ ಮ್ಯಾನೇಜ್‌ಮೆಂಟ್ ಕಿಟಕಿ, ಒಂದೇ ಡಿಸ್ಕ್‌ನ ತುಂಡುಗಳು]

ನಮಗೆ ಕಾಣುವುದು ಸಿ ಒಂದೇ. ಆದರೆ ಅದೇ ಡಿಸ್ಕ್‌ನಲ್ಲಿ ಇನ್ನೂ ಕೆಲವು ತುಂಡುಗಳಿವೆ. ಎಡಗಡೆ ಸಾಮಾನ್ಯವಾಗಿ 100 ಎಂಬಿ ಆಸುಪಾಸಿನ ಇಎಫ್‌ಐ ಪಾರ್ಟಿಷನ್. ಪವರ್ ಬಟನ್ ಒತ್ತಿದ ಕೂಡಲೇ ಕಂಪ್ಯೂಟರ್ ಹುಡುಕುವುದು ಇದನ್ನೇ. ಪಕ್ಕದಲ್ಲಿ 16 ಎಂಬಿಯ ಇನ್ನೊಂದು ತುಂಡು, ಅದು ಈ ಕಿಟಕಿಯಲ್ಲಿ ಕಾಣುವುದೂ ಇಲ್ಲ. ಆಮೇಲೆ ಸಿ. ಬಲತುದಿಯಲ್ಲಿ ರಿಕವರಿ ಪಾರ್ಟಿಷನ್. ಈ ರಿಕವರಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಇದೇ ನಮಗೆ ಅಡ್ಡ ಬರುತ್ತದೆ.

ಸಿ ಒಳಗಿನ ಫೈಲ್‌ಗಳನ್ನು ಎಳೆದು ಹಾಕಿದರೆ ಉಳಿದ ತುಂಡುಗಳು ಬರುವುದಿಲ್ಲ. ಜೊತೆಗೆ ವಿಂಡೋಸ್ ಓಡುತ್ತಿರುವಾಗ ರಿಜಿಸ್ಟ್ರಿಯಂಥ ಫೈಲ್‌ಗಳನ್ನು ಅದೇ ಹಿಡಿದುಕೊಂಡಿರುತ್ತದೆ, ಸುಮ್ನೆ ಕಾಪಿ ಮಾಡಲು ಬಿಡುವುದಿಲ್ಲ. ಅದಕ್ಕೇ ಕ್ಲೋನ್ ಮಾಡಬೇಕು. ಅಂದರೆ ಡಿಸ್ಕ್‌ನ ಎಲ್ಲ ತುಂಡುಗಳನ್ನೂ ಇದ್ದ ಹಾಗೇ ಹೊಸದರ ಮೇಲೆ ಇಳಿಸುವುದು.

[ಟೇಬಲ್ ಮೇಲೆ: 3.5 ಇಂಚು, 2.5 ಇಂಚು, ಎಂ.2 ಡಿಸ್ಕ್‌ಗಳು]

ಮೊದಲು ಹೊಸ ಡಿಸ್ಕ್ ನಿಮ್ಮ ಕಂಪ್ಯೂಟರ್‌ಗೆ ಕೂರುತ್ತದಾ ನೋಡಿ. ಮೋಸ ಆಗುವುದು ಎಂ.2ನಲ್ಲಿ. ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಇದರಲ್ಲಿ ಸಾಟಾ ಮತ್ತು ಎನ್‌ವಿಎಂಇ ಅಂತ ಎರಡು ಜಾತಿ. ಸಾಟಾ ಮಾತ್ರ ಗೊತ್ತಿರುವ ಸ್ಲಾಟ್‌ಗೆ ಎನ್‌ವಿಎಂಇ ಹಾಕಿದರೆ ಅದು ಕಾಣಿಸಿಕೊಳ್ಳುವುದೇ ಇಲ್ಲ. ಸ್ಲಾಟ್ ಒಂದೇ ಇದ್ದರೆ ಒಂದು ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಜೋಡಿಸಬೇಕು. 3.5 ಇಂಚಿನ ಹಾರ್ಡ್ ಡಿಸ್ಕ್‌ಗೆ 12 ವೋಲ್ಟ್ ಬೇಕು. ಯುಎಸ್‌ಬಿ ಕೊಡುವುದು 5 ವೋಲ್ಟ್. ಹಾಗಾಗಿ ಅದಕ್ಕೆ ಬೇರೆ ಪವರ್ ಅಡಾಪ್ಟರ್ ಇರಲೇಬೇಕು.

ಆಮೇಲೆ ಹಳೆ ಡಿಸ್ಕ್‌ನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎಂಬ ಸಾಲುಗಳಲ್ಲಿ ಕೆಟ್ಟ ಮತ್ತು ಕೆಟ್ಟಿರಬಹುದಾದ ಜಾಗಗಳ ಲೆಕ್ಕ ಏರುತ್ತಾ ಹೋಗುತ್ತಿದ್ದರೆ ಡಿಸ್ಕ್ ಹೊರಡಲು ಸಿದ್ಧವಾಗಿದೆ ಎಂದೇ ಅರ್ಥ. ಆಗ ಕ್ಲೋನ್ ಮಾತು ಬಿಡಿ. ಮೊದಲು ಬೇಕಾದ ಫೈಲ್‌ಗಳನ್ನು ಬೇರೆ ಕಡೆ ಇಳಿಸಿಕೊಳ್ಳಿ. ಲಿನಕ್ಸ್ ಗೊತ್ತಿದ್ದವರಿಗೆ ಜಿಎನ್‌ಯು ಡಿಡಿರೆಸ್ಕ್ಯೂ ಇದೆ. ಅದು ಮೊದಲು ಸಲೀಸಾಗಿ ಓದಲು ಸಿಗುವ ಜಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ವಾಪಸ್ ಬರುತ್ತದೆ. ಡಿಸ್ಕ್ ಚೆನ್ನಾಗಿದ್ದರೂ ಮುಖ್ಯ ಫೈಲ್‌ಗಳ ಬ್ಯಾಕಪ್ ಇರಲಿ.

ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ, ಅಂದರೆ ಬಿಟ್‌ಲಾಕರ್, ಆನ್ ಇದೆಯಾ? ನೀವೇ ಆನ್ ಮಾಡಿರಬೇಕು ಅಂತೇನೂ ಇಲ್ಲ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ. ಬೀಗ ಹಾಕಿದ ಡಿಸ್ಕ್‌ನಲ್ಲಿ ಯಾವುದು ಖಾಲಿ, ಯಾವುದು ತುಂಬಿದ್ದು ಅಂತ ಹೊರಗಿನ ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ. 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡು, ಬಿಟ್‌ಲಾಕರ್ ಆಫ್ ಮಾಡಿ, ಅದು ಪೂರ್ತಿ ಮುಗಿಯುವ ತನಕ ಕಾಯಿರಿ. ಕೆಲಸ ಮುಗಿದ ಮೇಲೆ ಮತ್ತೆ ಆನ್ ಮಾಡಿದರಾಯಿತು.

ಇನ್ನೊಂದು. ಫಾಸ್ಟ್ ಸ್ಟಾರ್ಟಪ್ ಇದ್ದರೆ, ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಬಾಗಿಲು ಹಾಕುವುದಿಲ್ಲ. ಅರ್ಧ ಕೆಲಸವನ್ನು ಡಿಸ್ಕ್‌ನಲ್ಲೇ ಬರೆದಿಟ್ಟು ಮಲಗುತ್ತದೆ. ಕ್ಲೋನ್ ಮಾಡುವ ದಿನ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಆಗ ನಿಜವಾಗಿ ಆಫ್ ಆಗುತ್ತದೆ.

[ಸ್ಕ್ರೀನ್ ಮೇಲೆ: ಕ್ಲೋನ್‌ಜಿಲ್ಲಾ ಮೆನು]

ಈಗ ಕಾಪಿ. ಕೆಲವು ಡಿಸ್ಕ್ ಕಂಪನಿಗಳು ತಮ್ಮದೇ ಕ್ಲೋನ್ ಸಾಫ್ಟ್‌ವೇರ್ ಉಚಿತವಾಗಿ ಕೊಡುತ್ತವೆ. ಇದ್ದರೆ ಅದೇ ಸುಲಭ. ಇಲ್ಲದಿದ್ದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡುವ ಕ್ಲೋನ್‌ಜಿಲ್ಲಾ ಇದೆ. ನೋಡಲು ಹಳೆ ಕಾಲದ ನೀಲಿ ಪರದೆ, ಕೆಲಸದಲ್ಲಿ ಗಟ್ಟಿ. ಅದೇ ಕೆಲಸ ಮೌಸ್ ಹಿಡಿದು ಮಾಡಬೇಕೆಂದರೆ ರೆಸ್ಕ್ಯೂಜಿಲ್ಲಾ.

ಯಾವುದೇ ಆಗಲಿ, ಎರಡು ಹೆಸರು ಕೇಳುತ್ತದೆ. ಸೋರ್ಸ್ ಅಂದರೆ ಹಳೆಯದು. ಟಾರ್ಗೆಟ್ ಅಂದರೆ ಹೊಸದು, ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಇವೆರಡು ಅದಲುಬದಲಾದರೆ ಖಾಲಿ ಡಿಸ್ಕ್‌ನ ಖಾಲಿತನ ನಿಮ್ಮ ತುಂಬಿದ ಡಿಸ್ಕ್ ಮೇಲೆ ಕಾಪಿ ಆಗುತ್ತದೆ. ಡಿಸ್ಕ್ 0, ಡಿಸ್ಕ್ 1 ಎಂಬ ನಂಬರ್ ನಂಬಬೇಡಿ. ಮಾಡೆಲ್ ಹೆಸರು ಮತ್ತು ಸೈಜ್ ಓದಿ. ನಾನು ಡಿಸ್ಕ್‌ಗಳ ಮೇಲೆ ಅಂಟಿಸಿದ ಚೀಟಿ ನೋಡಿ, ಸೀರಿಯಲ್ ನಂಬರ್‌ನ ಕೊನೆ ನಾಲ್ಕು ಅಕ್ಷರ ಗಟ್ಟಿಯಾಗಿ ಓದಿಕೊಂಡೇ ಎಂಟರ್ ಒತ್ತುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಎಷ್ಟು ಹೊತ್ತು? 400 ಜಿಬಿ ಡೇಟಾ, ಸೆಕೆಂಡಿಗೆ 100 ಎಂಬಿ ವೇಗ ಅಂದುಕೊಳ್ಳಿ. ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ಅದೇ ಡಿಸ್ಕನ್ನು ಹಳೆ ಯುಎಸ್‌ಬಿ 2.0 ಪೋರ್ಟ್‌ಗೆ ಸಿಕ್ಕಿಸಿದರೆ ಮೂರು ಗಂಟೆ ದಾಟುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆಯಬೇಡಿ.

[ಕ್ಯಾಮೆರಾ ಮುಂದೆ]

ಕಾಪಿ ಮುಗಿಯಿತು. ಕಂಪ್ಯೂಟರ್ ಆಫ್ ಮಾಡಿ, ಹಳೆ ಡಿಸ್ಕ್ ತೆಗೆದುಬಿಡಿ. ಹೊಸದೊಂದನ್ನೇ ಇಟ್ಟು ಆನ್ ಮಾಡಿ. ಎರಡೂ ಇದ್ದರೇನು ಅಂತ ಕೇಳಬಹುದು. ಕ್ಲೋನ್ ಆದ ಮೇಲೆ ಎರಡರ ಗುರುತಿನ ಸಂಖ್ಯೆಯೂ ಒಂದೇ. ಅವಳಿಗಳನ್ನು ಕಂಡು ಗೊಂದಲಕ್ಕೆ ಬಿದ್ದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ ಕೂರಿಸುತ್ತದೆ. ಅಥವಾ ನೀವು ಹೊಸದು ಅಂದುಕೊಂಡು ವಾರಗಟ್ಟಲೆ ಹಳೆಯದರಲ್ಲೇ ಕೆಲಸ ಮಾಡುತ್ತಿರುತ್ತೀರಿ.

ಸಾಟಾದಿಂದ ಎನ್‌ವಿಎಂಇಗೆ ಹೋದವರಿಗೆ ಮೊದಲ ಸಲ ನೀಲಿ ಪರದೆ ಬರಬಹುದು, ಬೂಟ್ ಡಿವೈಸ್ ಸಿಗುತ್ತಿಲ್ಲ ಅಂತ. ಒಮ್ಮೆ ಸೇಫ್ ಮೋಡ್‌ನಲ್ಲಿ ಆನ್ ಮಾಡಿದರೆ ಬೇಕಾದ ಡ್ರೈವರ್ ಲೋಡ್ ಆಗಿ, ಸಾಮಾನ್ಯವಾಗಿ ಅಲ್ಲಿಗೆ ಸರಿಹೋಗುತ್ತದೆ.

ವಿಂಡೋಸ್ ಬಂತು, ವಾಲ್‌ಪೇಪರ್ ಕೂಡ ಅದೇ. ಖುಷಿಯಿಂದ ಸಿ ಡ್ರೈವ್ ತೆಗೆದು ನೋಡಿದರೆ ಸೈಜ್ ಹಳೆಯದೇ! ಇನ್ನೂ ಕೆಂಪು!

[ಸ್ಕ್ರೀನ್ ಮೇಲೆ: ಸಿ, ರಿಕವರಿ, ಕೊನೆಯಲ್ಲಿ ಉದ್ದದ ಕಪ್ಪು ಪಟ್ಟಿ]

ಮೊದಲ ಸಲ ನನಗೆ ಹೀಗಾದಾಗ ಹೊಸ ಡಿಸ್ಕ್ ಕೆಟ್ಟಿದೆ ಎಂದುಕೊಂಡು, ವಾಪಸ್ ಕೊಡಲು ಅದರ ಡಬ್ಬಿ ಹುಡುಕುತ್ತಿದ್ದೆ. ಡಿಸ್ಕ್ ಸರಿಯಾಗಿಯೇ ಇತ್ತು. ಹಳೆ ತುಂಡುಗಳು ಹಳೆ ಅಳತೆಯಲ್ಲೇ ಬಂದು ಕೂತಿದ್ದವು ಅಷ್ಟೇ. ಹೆಚ್ಚಿನ ಜಾಗವೆಲ್ಲ ಕೊನೆಯಲ್ಲಿ ಯಾರಿಗೂ ಸೇರದೆ ಬಿದ್ದಿತ್ತು.

ಸರಿ, ಸಿ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತೋಣ ಅಂದರೆ ಅದು ಮಂಕಾಗಿದೆ, ಒತ್ತಲು ಆಗುವುದಿಲ್ಲ. ಕಾರಣ ಆ ರಿಕವರಿ. ಡಿಸ್ಕ್ ಮ್ಯಾನೇಜ್‌ಮೆಂಟ್ ಸಿ ಡ್ರೈವನ್ನು ಬೆಳೆಸಬೇಕಾದರೆ ಖಾಲಿ ಜಾಗ ಅದರ ಬಲಕ್ಕೇ, ಅಂಟಿಕೊಂಡೇ ಇರಬೇಕು. ನಿಮ್ಮ ಮನೆ ಇಲ್ಲಿ, ನಿಮ್ಮದೇ ಖಾಲಿ ಸೈಟ್ ಅಲ್ಲಿ, ನಡುವೆ ಇನ್ನೊಬ್ಬರ ಪುಟ್ಟ ಕೋಣೆ. ಗೋಡೆ ಒಡೆದು ಮನೆ ಹಿಗ್ಗಿಸುವ ಹಾಗಿಲ್ಲ. ಆ ಕೋಣೆಯನ್ನೇ ಸೈಟಿನ ಆಚೆ ತುದಿಗೆ ಸರಿಸಬೇಕು. ಸರಿಸುವ ಕೆಲಸ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಬರುವುದಿಲ್ಲ.

ಅದಕ್ಕೆ ಜಿಪಾರ್ಟೆಡ್ ಬೇಕು. ಇದೂ ಉಚಿತ, ಇದೂ ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ. ರಿಕವರಿಯನ್ನು ಹಿಡಿದು ಬಲತುದಿಗೆ ಎಳೆಯಿರಿ, ಅಪ್ಲೈ ಒತ್ತಿ. ತುಂಡು ಚಿಕ್ಕದಾದ್ದರಿಂದ ಬೇಗ ಮುಗಿಯುತ್ತದೆ. ವಾಪಸ್ ವಿಂಡೋಸ್‌ಗೆ ಬಂದು ನೋಡಿ, ಎಕ್ಸ್‌ಟೆಂಡ್ ವಾಲ್ಯೂಮ್‌ಗೆ ಜೀವ ಬಂದಿರುತ್ತದೆ. ರಿಕವರಿಯನ್ನು ಡಿಲೀಟ್ ಮಾಡಿ ಎನ್ನುವವರೂ ಇದ್ದಾರೆ. ನಾನು ಹೇಳುವುದಿಲ್ಲ. ವಿಂಡೋಸ್ ಮೇಲೇಳದ ದಿನ ರಿಪೇರಿಗೆ ಬೇಕಾಗುವುದು ಅದೇ.

ಕ್ಲೋನ್ ಮಾಡುವಾಗಲೇ ತುಂಡುಗಳ ಅಳತೆ ಬದಲಿಸಲು ಬಿಡುವ ಸಾಫ್ಟ್‌ವೇರ್‌ಗಳೂ ಇವೆ. ಆ ಆಯ್ಕೆ ಕಂಡರೆ ಅಲ್ಲೇ ಮಾಡಿಬಿಡಿ, ಇಷ್ಟೆಲ್ಲ ರಗಳೆಯೇ ಇರುವುದಿಲ್ಲ.

ಇದೇ ಕಿಟಕಿಯಲ್ಲಿ ಇನ್ನೊಂದು ಗಾಬರಿ ಕಾದಿರುತ್ತದೆ. 1 ಟಿಬಿ ಡಿಸ್ಕ್ 931 ಜಿಬಿ ಅಂತ ಕಾಣುವುದು. ಏನೂ ಕಳೆದಿಲ್ಲ. ತಯಾರಿಸಿದವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಆದರೆ 4 ಟಿಬಿ ಡಿಸ್ಕ್‌ನಲ್ಲಿ 2 ಟಿಬಿ ಆಚೆ ಬಳಸಲು ಬಿಡುತ್ತಿಲ್ಲ ಎಂದರೆ ಅದು ನಿಜವಾದ ತೊಂದರೆ. ನಿಮ್ಮ ಹಳೆ ಡಿಸ್ಕ್ ತನ್ನ ತುಂಡುಗಳ ಪಟ್ಟಿಯನ್ನು ಎಂಬಿಆರ್ ಎಂಬ ಹಳೆ ಪದ್ಧತಿಯಲ್ಲಿ ಬರೆದಿಟ್ಟುಕೊಂಡಿದೆ, ಕ್ಲೋನ್ ಕೂಡ ಅದನ್ನೇ ಹೊತ್ತು ತಂದಿದೆ. ಎಂಬಿಆರ್ ಎಣಿಕೆ ಸಾಮಾನ್ಯ ಡಿಸ್ಕ್‌ಗಳಲ್ಲಿ 2 ಟಿಬಿಗೆ ನಿಂತುಹೋಗುತ್ತದೆ, ಜಿಪಿಟಿ ಎಂಬ ಹೊಸ ಪದ್ಧತಿಗೆ ಬದಲಿಸಿಕೊಳ್ಳಬೇಕು. ವಿಂಡೋಸ್ 10ರ 2017ರ ಆವೃತ್ತಿಗಳಿಂದ ಈಚೆಗೆ ಇದಕ್ಕೆ ಬೇಕಾದ ಟೂಲ್ ವಿಂಡೋಸ್ ಒಳಗೇ ಇದೆ. ಕಂಪ್ಯೂಟರ್ ಯುಇಎಫ್‌ಐ ಬೂಟ್, ಅಂದರೆ ಆ ಇಎಫ್‌ಐ ಪಾರ್ಟಿಷನ್ ಹುಡುಕಿ ಆನ್ ಆಗುವ ಹೊಸ ರೀತಿಯ ಬೂಟ್, ಮಾಡುವಂಥದ್ದೇ ಎಂದು ಮೊದಲು ನೋಡಿಕೊಳ್ಳಿ.

ಹಳೆ ಡಿಸ್ಕನ್ನು ಇವತ್ತೇ ಫಾರ್ಮ್ಯಾಟ್ ಮಾಡಬೇಡಿ. ಎರಡು ಮೂರು ವಾರ ಡ್ರಾಯರ್‌ನಲ್ಲಿರಲಿ. ಹೊಸದು ಕೈಕೊಟ್ಟರೆ ಅದನ್ನು ಸಿಕ್ಕಿಸಿದರೆ ಸಾಕು, ಕ್ಲೋನ್ ಮಾಡಿದ ದಿನ ಎಲ್ಲಿದ್ದಿರೋ ಅಲ್ಲಿಗೆ ಮರಳುತ್ತೀರಿ. ಆಮೇಲೆ ಯಾರಿಗಾದರೂ ಕೊಡುವುದಿದ್ದರೆ, ಹಾರ್ಡ್ ಡಿಸ್ಕ್‌ಗೆ ಕ್ವಿಕ್ ಫಾರ್ಮ್ಯಾಟ್ ಸಾಲದು. ಅದರ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಆಗಲೇ ಹಳೆ ಡೇಟಾ ಮೇಲೆ ಸೊನ್ನೆ ಬರೆಯುವುದು. ಎಸ್‌ಎಸ್‌ಡಿ ಆದರೆ ತಯಾರಕರ ಸಾಫ್ಟ್‌ವೇರ್‌ನಲ್ಲಿ ಸೆಕ್ಯೂರ್ ಇರೇಸ್ ಹುಡುಕಿ. ಅದನ್ನು ಒತ್ತುವ ಮೊದಲೂ ಸೀರಿಯಲ್ ನಂಬರ್ ಗಟ್ಟಿಯಾಗಿ ಓದಿಕೊಳ್ಳಿ.