ಪಟ್ಟೆ ಶುಂಠಿಯ ಮನೆಯಲ್ಲಿ ಒಲೆ ಉರಿಸುವವರಿಗೆ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಕಾಯಲೆಂದೇ ಕುಳಿತಿದ್ದೇನೆ. ಗಾಜಿನ ಮನೆ ಕಟ್ಟಿಸಿ, ಹೀಟರ್ ಹಾಕಿಸಿ, ಹಳದಿ ಪಟ್ಟೆಯ ಅಲಂಕಾರದ ಶುಂಠಿ ಗಿಡ ತಂದಿಡುತ್ತೇವೆ. ಎಲೆಯ ಅಂಚು ಕಂದಿತೋ, ಬಿಸಿಯನ್ನು ಇನ್ನೆರಡು ಡಿಗ್ರಿ ಏರಿಸುತ್ತೇವೆ. ಗಿಡ ಕೇಳುತ್ತಿರುವುದು ಗಾಳಿಯಲ್ಲಿ ಪಸೆ; ನಾವು ಹಚ್ಚುತ್ತಿರುವುದು ಒಲೆ.

ಒಲೆ ಎಂದದ್ದು ತಮಾಷೆಗಲ್ಲ. ಇಂಗ್ಲೆಂಡಿನ ಹಳೆಯ ತೋಟಗಾರರು ಬಿಸಿ ಗಾಜಿನ ಮನೆಯನ್ನು ‘ಸ್ಟೋವ್’ ಎಂದೇ ಕರೆಯುತ್ತಿದ್ದರು. ಅಲ್ಲಿನ ಚಾಟ್ಸ್‌ವರ್ತ್ ಎಂಬ ಸಿರಿವಂತರ ಬಂಗಲೆಯ ತೋಟದಲ್ಲಿ, ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1836ರಲ್ಲಿ ಕಟ್ಟಲು ಶುರುಮಾಡಿದ ‘ಗ್ರೇಟ್ ಸ್ಟೋವ್’ ಎಂಬ ದೊಡ್ಡ ಗಾಜಿನ ಮನೆ ಬದುಕಿದ್ದು ಕಲ್ಲಿದ್ದಲಿನ ಮೇಲೆ. ಮೊದಲ ಮಹಾಯುದ್ಧದಲ್ಲಿ ಇದ್ದಲು ಸಿಗದೆ ಗಿಡಗಳು ಸತ್ತವು. 1920ರಲ್ಲಿ ಕಟ್ಟಡವನ್ನೇ ಉರುಳಿಸಿದರು. ಆದ್ದರಿಂದ ಬಿಸಿಯೇ ಬೇಡ ಎನ್ನುವಷ್ಟು ಮೂರ್ಖ ನಾನಲ್ಲ. ಚಳಿಗಾಲದ ರಾತ್ರಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಆಲ್ಪಿನಿಯಾ, ಅಂದರೆ ನಮ್ಮ ಈ ಅಲಂಕಾರದ ಶುಂಠಿ, ನೆಮ್ಮದಿಯಾಗಿರುತ್ತದೆ. ಅದರ ಮೇಲೆ ಒಣ ಬಿಸಿ ಸುರಿದರೆ ಸುಖಪಡುವುದು ಎಲೆಯಡಿಯ ಕೆಂಪು ನುಸಿ. ನೆಲಕ್ಕೆ ನೀರು ಚಿಮುಕಿಸಿ, ಎಲೆಯ ಅಡಿಭಾಗವನ್ನು ಒರೆಸಿ. ಕುಂಡಕ್ಕೆ ನೀರು ಹಾಕುವಾಗ ಮಾತ್ರ ಕೈ ಬಿಗಿಹಿಡಿಯಿರಿ, ತಣ್ಣನೆಯ ಒದ್ದೆ ಮಣ್ಣಿನಲ್ಲಿ ಗೆಡ್ಡೆ ಕೊಳೆಯುತ್ತದೆ.

ಇನ್ನು ಆ ಪಟ್ಟೆ. ನಾವು ಮರುಳಾಗುವ ಹಳದಿ, ಬಿಳಿ ಭಾಗಗಳಲ್ಲಿ ಪತ್ರಹರಿತ್ತು ಕಡಿಮೆ, ಕೆಲವೆಡೆ ಇಲ್ಲವೇ ಇಲ್ಲ. ಮನೆಯಲ್ಲಿ ಅಡುಗೆ ಮಾಡುವವರು ಅರ್ಧ, ಊಟಕ್ಕೆ ಕೂರುವವರು ಎಲ್ಲರೂ! ಹೀಗಿರುವಾಗ ಗಿಡ ನಿಧಾನವಾಗಿ ಬೆಳೆದರೆ ಗೊಬ್ಬರ ಸುರಿದು ಅವಸರಪಡಿಸುವುದು ಅನ್ಯಾಯ. ಒಮ್ಮೊಮ್ಮೆ ಬುಡದಿಂದ ಪೂರ್ತಿ ಹಸಿರಾದ ಕುಡಿಯೊಂದು ಠೀವಿಯಿಂದ ಏಳುತ್ತದೆ. ಗಿಡ ಚೇತರಿಸಿಕೊಂಡಿತೆಂದು ಹಿಗ್ಗಬೇಡಿ. ಅದು ಪಟ್ಟೆಯ ಕುಡಿಗಳನ್ನು ಹಿಂದಿಕ್ಕಿ ಕುಂಡವನ್ನೇ ತುಂಬಿಕೊಳ್ಳುತ್ತದೆ. ಗೆಡ್ಡೆಯ ಮಟ್ಟಕ್ಕೆ ಕತ್ತರಿಸಿ, ಕರುಣೆ ಬೇಡ. ಗಿಡ ಹೆಚ್ಚಿಸಲೂ ಗೆಡ್ಡೆಯನ್ನೇ ಬಿಡಿಸಿ ನೆಡಿ. ಬೀಜದಿಂದ ಪಟ್ಟೆ ಬರುತ್ತದೆಂದು ನಂಬಬೇಡಿ.

ಕತ್ತರಿಯ ವಿಷಯದಲ್ಲಿ ನನ್ನದೂ ಒಂದು ತಪ್ಪಿದೆ. ಚೊಕ್ಕವಾಗಿರಲೆಂದು ಒಮ್ಮೆ ಹಳೆಯ ಕಾಂಡಗಳನ್ನೆಲ್ಲ ಸವರಿಬಿಟ್ಟೆ. ನನ್ನಲ್ಲಿರುವ ಆಲ್ಪಿನಿಯಾ ಜೆರುಂಬೆಟ್ ಎಂಬ ಜಾತಿ ಹೂ ಬಿಡುವುದು ಹಿಂದಿನ ವರ್ಷದ ಕಾಂಡದ ತುದಿಯಲ್ಲಿ. ಆ ವರ್ಷ ಒಂದೇ ಒಂದು ಗೊಂಚಲೂ ಇಳಿಬೀಳಲಿಲ್ಲ. ಈಗ ಹಳೆಯ ಕಾಂಡಗಳು ಗಾಜಿಗೆ ತಲೆ ತಾಗಿಸಿಕೊಂಡು, ಅಂಚು ಹರಿದ ಎಲೆಗಳೊಂದಿಗೆ ವಕ್ರವಾಗಿ ನಿಂತಿವೆ. ಬಂದವರೆಲ್ಲ ಕತ್ತರಿಸು ಎನ್ನುತ್ತಾರೆ, ನಾನು ಕತ್ತರಿಯನ್ನು ಬಚ್ಚಿಟ್ಟಿದ್ದೇನೆ.