ಸೊಪ್ಪು ಬೇಯಿಸಿದ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಪಾತ್ರೆ ನೀರಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಸೊಪ್ಪು ಬೇಯಿಸಿದ ನೀರು. ನಾನು ಮಂಡ್ಯದ ಕಡೆಯವಳು. ನಮ್ಮಲ್ಲಿ ಅದನ್ನು ಕಟ್ಟು ಅಂತೀವಿ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಕಟ್ಟು ಬಸಿಯುತ್ತೇವೆ. ಬಸಿದದ್ದು ಸಾರಿಗೆ, ಉಳಿದದ್ದು ಪಲ್ಯಕ್ಕೆ. ಬಸ್ಸಾರು ಮುದ್ದೆ ಉಣ್ಣದೆ ದೊಡ್ಡವರಾದವರು ನಮ್ಮೂರಲ್ಲಿ ಯಾರೂ ಇಲ್ಲ. ಈ ಜಾಣತನ ನಮ್ಮ ಕಡೆಯದು ಮಾತ್ರ ಅಂತ ನಾನು ಬಹಳ ವರ್ಷ ನಂಬಿದ್ದೆ. ಅಮೆರಿಕದ ದಕ್ಷಿಣದ ಒಂದು ಹಳ್ಳಿಯ ಅಡುಗೆಮನೆಯಲ್ಲಿ ನಿಂತ ಮೇಲೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಮಗಳ ಬಾಣಂತನಕ್ಕೆ ಅಂತ ಹೋಗಿದ್ದೆ. ಅಲಬಾಮಾ ರಾಜ್ಯ, ಆಬರ್ನ್ ಅನ್ನುವ ಊರಿನಿಂದ ಸ್ವಲ್ಪ ಆಚೆ. ಆಗಸ್ಟ್‌ನಲ್ಲಿ ಇಳಿದೆ, ಜನವರಿಯಲ್ಲಿ ಹೊರಟೆ. ಅಮೆರಿಕ ಅಂದರೆ ಎತ್ತರದ ಕಟ್ಟಡ ಅಂದುಕೊಂಡಿದ್ದವಳಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಣ್ಣು. ಮಳೆ ಬಂದರೆ ಚಪ್ಪಲಿಗೆ ಅಂಟುವ ಮಣ್ಣು. ಹತ್ತಿ ಹೊಲ, ಪೈನ್ ಮರ, ಮನೆ ಮುಂದೆ ಉದ್ದನೆಯ ಜಗಲಿ, ಜಗಲಿ ಮೇಲೆ ತೂಗುವ ಕುರ್ಚಿ.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಎಂಬತ್ತು ದಾಟಿತ್ತು. ಕಪ್ಪು ಜನಾಂಗದವರು. ಅವರ ಮುತ್ತಜ್ಜ ಅದೇ ಸೀಮೆಯಲ್ಲಿ ಗುಲಾಮರಾಗಿ ಹತ್ತಿ ಬಿಡಿಸಿದವರು. ಆ ಕಡೆ ಹಿರಿಯ ಹೆಂಗಸರನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ, ಹೆಸರಿಗೆ ಮೊದಲು ‘ಮಿಸ್’ ಸೇರಿಸುತ್ತಾರೆ. ನಾನು ಮಾತ್ರ ಅಜ್ಜಿ ಅಂತಲೇ ಕರೆದೆ. ಅರ್ಥ ಕೇಳಿ ತಿಳಿದುಕೊಂಡು ಖುಷಿಪಟ್ಟರು. ಅವರು ನನ್ನನ್ನು ಕರೆಯುತ್ತಿದ್ದದ್ದು ‘ಹನಿ’ ಅಂತ. ನಾವು ಚಿನ್ನ ಅನ್ನುತ್ತೇವಲ್ಲ, ಹಾಗೆ.

ಮೊದಲ ದಿನ ಅವರ ಜಗಲಿಗೆ ಹೋದಾಗ ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು. ನೇರಳೆ ಬಣ್ಣದ ಸಿಪ್ಪೆ, ಒಳಗೆ ಹಸಿ ಕಾಳು. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಅರೆ, ಅಲಸಂದೆ! ಪಕ್ಕದ ಕುರ್ಚಿಯಲ್ಲಿ ಕೂತು ನಾನೂ ಸುಲಿಯತೊಡಗಿದೆ. ಅವರ ಇಂಗ್ಲಿಷ್ ನನಗೆ ಅರ್ಧ ಗೊತ್ತಾಗುತ್ತಿತ್ತು, ನನ್ನದು ಅವರಿಗೆ ಕಾಲು ಭಾಗ. ಕಾಯಿ ಸುಲಿಯಲು ಭಾಷೆ ಯಾಕೆ ಬೇಕು? ಒಂದು ಗಂಟೆ ಹೊತ್ತಿಗೆ ಇಬ್ಬರ ಹೆಬ್ಬೆರಳೂ ನೇರಳೆ ಬಣ್ಣಕ್ಕೆ ತಿರುಗಿದ್ದವು. ಅವರು ತಮ್ಮ ಹೆಬ್ಬೆರಳು ತೋರಿಸಿದರು, ನಾನು ನನ್ನದು ತೋರಿಸಿದೆ. ಅಲ್ಲಿಂದ ದಿನಾ ಹೋಗುವುದು ರೂಢಿಯಾಯಿತು.

ಅಲಸಂದೆಯ ಕಥೆ ದೊಡ್ಡದು. ಅದು ಹುಟ್ಟಿದ್ದು ಆಫ್ರಿಕಾದಲ್ಲಿ. ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ಕಡೆ ಬಂದು ನಮ್ಮದೇ ಆಗಿಬಿಟ್ಟಿದೆ. ಅಮೆರಿಕಕ್ಕೆ ಹೋದದ್ದು ಗುಲಾಮರನ್ನು ತುಂಬಿಕೊಂಡು ಹೊರಟ ಹಡಗುಗಳ ಕಾಲದಲ್ಲಿ. ನಮ್ಮ ರಾಗಿಯ ತವರೂ ಆಫ್ರಿಕಾವೇ. ಮುದ್ದೆ, ಅಲಸಂದೆ ಸಾರು ಉಣ್ಣುವಾಗ ನಮಗೆ ಇದು ನೆನಪಿಗೆ ಬರುತ್ತದೆಯೇ? ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಚಳಿ ಶುರುವಾದ ಮೇಲೆ ಸೊಪ್ಪಿನ ಕಾಲ. ಅಲ್ಲಿ ಕೊಲಾರ್ಡ್ ಅನ್ನುವ ಸೊಪ್ಪು ಬೆಳೆಯುತ್ತಾರೆ. ಎಲೆಕೋಸಿನ ನೆಂಟ, ಆದರೆ ಗಡ್ಡೆ ಕಟ್ಟುವುದಿಲ್ಲ. ಬೀಸಣಿಗೆಯಷ್ಟು ಅಗಲದ ದಪ್ಪ ಎಲೆ. ಅಕ್ಟೋಬರ್‌ನಲ್ಲೇ ಹಿತ್ತಿಲ ತುಂಬ ಬೆಳೆದು ನಿಂತಿತ್ತು. ಯಾಕೆ ಕೊಯ್ಯಲ್ಲ ಅಂದರೆ, ‘ಇನ್ನೂ ಹಿಮ ಬಿದ್ದಿಲ್ಲ’ ಅಂದರು. ಚಳಿ ತಾಗಿದ ಮೇಲೆ ಗಿಡ ತನ್ನೊಳಗೆ ಸಕ್ಕರೆ ಕೂಡಿಸಿಕೊಳ್ಳುತ್ತದೆ, ಸೊಪ್ಪಿನ ಕಹಿ ಇಳಿಯುತ್ತದೆ. ಮಂಜು ಬೀಳದೆ ಅವರೆಕಾಯಿಗೆ ಸೊಗಡು ಬರಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದದ್ದು ಥಟ್ ಅಂತ ನೆನಪಾಯಿತು.

ನವೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗಾಗಿತ್ತು. ಅವತ್ತೇ ಕೊಯ್ದರು. ಮರಳು ಹೋಗುವವರೆಗೆ ಮೂರು ನೀರಲ್ಲಿ ತೊಳೆದರು. ದಪ್ಪ ದಂಟು ಸೀಳಿ ತೆಗೆದು, ಎಲೆಗಳನ್ನು ಸುರುಳಿ ಸುತ್ತಿ ಹೆಚ್ಚಿದರು. ರೂಢಿಯಂತೆ ಅದಕ್ಕೆ ಹೊಗೆಯಲ್ಲಿ ಒಣಗಿಸಿದ ಹಂದಿ ಮೂಳೆ ಬೀಳುತ್ತದೆ. ನಾನು ಹಂದಿ ತಿನ್ನುವುದಿಲ್ಲ ಅಂತ ತಿಳಿದು ಹೊಗೆಯಾಡಿಸಿದ ಟರ್ಕಿ ಕೋಳಿಯ ಕಾಲು ತಂದಿಟ್ಟಿದ್ದರು. ಮೊದಲು ಮಾಂಸವನ್ನೇ ಒಂದು ಗಂಟೆ ಕುದಿಸಿ, ಆಮೇಲೆ ಸೊಪ್ಪು ಹಾಕಿ, ಸಣ್ಣ ಉರಿಯಲ್ಲಿ ಮತ್ತೊಂದು ಗಂಟೆಗೂ ಜಾಸ್ತಿ. ನಮಗೆ ಇಷ್ಟು ಬೇಯಿಸುವುದು ಅತಿಯಾಯಿತು ಅನ್ನಿಸಬಹುದು. ಆ ಸೊಪ್ಪಿಗೆ ಅದು ಬೇಕು.

ಬೆಂದ ಮೇಲೆ ಸೊಪ್ಪನ್ನು ಎತ್ತಿ ಬೇರೆ ಬೋಗುಣಿಗೆ ಹಾಕಿದರು. ಪಾತ್ರೆಯಲ್ಲಿ ಕಡು ಹಸಿರು ನೀರು, ಮೇಲೆ ಸಣ್ಣ ಸಣ್ಣ ಜಿಡ್ಡಿನ ಕಣ್ಣು. ಇದನ್ನು ಎಲ್ಲಿ ಚೆಲ್ಲಿಬಿಡುತ್ತಾರೋ ಅಂತ ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಅವರು ಒಂದು ಲೋಟಕ್ಕೆ ಅದೇ ನೀರು ಬಗ್ಗಿಸಿ ನನ್ನ ಕೈಗಿಟ್ಟರು. ‘ಮೊದಲು ಇದು, ಹನಿ. ಸೊಪ್ಪು ಆಮೇಲೆ.’

ಅಲ್ಲಿ ಅದರ ಹೆಸರು ಪಾಟ್ ಲಿಕ್ಕರ್. ಪಾತ್ರೆಯ ರಸ ಅಂತ ಅರ್ಥ. ಅದರ ಹಿಂದಿನ ಕಥೆ ಅಜ್ಜಿ ಹೇಳಿದರು, ಆ ಕಡೆಯ ಬೇರೆಯವರೂ ಹೇಳುವುದು ಕೇಳಿದ್ದೇನೆ. ಗುಲಾಮಗಿರಿಯ ಕಾಲದಲ್ಲಿ ಯಜಮಾನರ ಮೇಜಿಗೆ ಸೊಪ್ಪು ಹೋಗುತ್ತಿತ್ತು. ಪಾತ್ರೆಯಲ್ಲಿ ಉಳಿದ ನೀರು ಬೇಯಿಸಿದ ಹೆಂಗಸಿನ ಪಾಲಿಗೆ. ಆಕೆ ಅದನ್ನು ತನ್ನ ಮಕ್ಕಳಿಗೆ ಒಯ್ಯುತ್ತಿದ್ದಳು. ಸೊಪ್ಪಿನ ಸತ್ವ ಎಷ್ಟೋ ಭಾಗ ಬೇಯುವಾಗ ನೀರಿಗೆ ಇಳಿದಿರುತ್ತದೆ. ಆ ಲೋಟ ಹಿಡಿದುಕೊಂಡು ಈ ಮಾತು ಕೇಳುವಾಗ ನನಗೆ ಗಂಟಲು ಕಟ್ಟಿತು.

ಅದರ ಜೊತೆಗೆ ಜೋಳದ ರೊಟ್ಟಿ. ನಮ್ಮ ಜೋಳವಲ್ಲ, ಮುಸುಕಿನ ಜೋಳ. ಅದರಲ್ಲೂ ಬಿಳಿ ಬಣ್ಣದ್ದರ ತರಿ ಹಿಟ್ಟು, ಉಪ್ಪು, ಸೋಡಾ, ಒಂದು ಮೊಟ್ಟೆ, ಮಜ್ಜಿಗೆ. ಸಕ್ಕರೆ ಹಾಕುವುದಿಲ್ಲ. ಹಾಕಿದರೆ ಅದು ಕೇಕ್ ಅಂತ ಅಜ್ಜಿ ಸಿಡುಕುತ್ತಿದ್ದರು. ಎರಕದ ಕಬ್ಬಿಣದ ಬಾಣಲೆಗೆ ಜಿಡ್ಡು ಸವರಿ ಒಲೆಯೊಳಗೆ ಕಾಯಲು ಇಡುತ್ತಾರೆ. ಹೊಗೆ ಏಳುವಷ್ಟು ಕಾದ ಮೇಲೆ ಹಿಟ್ಟು ಹುಯ್ದರೆ ಚುರ್ ಅನ್ನಬೇಕು. ಆ ಸದ್ದು ಬಂದರೇ ತಳ ಗರಿಗರಿಯಾಗುವುದು. ಕಾವಲಿ ಕಾಯದೆ ದೋಸೆ ಹುಯ್ದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಆ ಬಾಣಲೆ ಅವರ ಅಜ್ಜಿಯದು. ಸೋಪು ಹಾಕಿ ಉಜ್ಜಲು ನನ್ನನ್ನು ಬಿಡಲಿಲ್ಲ. ನಾನು ಅಳತೆ ಕೇಳಿದೆ. ಮಜ್ಜಿಗೆ ಎಷ್ಟು? ‘ಹಿಟ್ಟು ಕೇಳಿದಷ್ಟು’ ಅಂದರು.

ಈ ರೊಟ್ಟಿಯನ್ನು ಪಾಟ್ ಲಿಕ್ಕರ್‌ಗೆ ಪುಡಿ ಮಾಡಿ ಹಾಕಬೇಕೋ, ಅದ್ದಿ ತಿನ್ನಬೇಕೋ? ಇದು ಅಲ್ಲಿ ಸಣ್ಣ ವಿಷಯವಲ್ಲ. 1931ರಲ್ಲಿ ಲೂಸಿಯಾನದ ಗವರ್ನರ್ ಹ್ಯೂಯಿ ಲಾಂಗ್ ಅದ್ದಿಯೇ ತಿನ್ನಬೇಕು ಅಂದರು. ಅಟ್ಲಾಂಟಾ ಕಾನ್ಸ್ಟಿಟ್ಯೂಷನ್ ಪತ್ರಿಕೆಯ ಜೂಲಿಯನ್ ಹ್ಯಾರಿಸ್, ಪುಡಿ ಮಾಡುವುದೇ ಸರಿ ಅಂತ ಎದುರು ನಿಂತರು. ವಾರಗಟ್ಟಲೆ ಓದುಗರ ಕಾಗದಗಳು ಬಂದವು. ದೇಶವೆಲ್ಲ ಕೆಲಸ ಕಳೆದುಕೊಂಡು ಹಸಿದಿದ್ದ ವರ್ಷ ಅದು. ಬಡವರ ಮನೆಯ ಪಾತ್ರೆ ನೀರು ಪತ್ರಿಕೆಗೆ ಬಂತಲ್ಲ ಅಂತ ನನಗೆ ಸಂತೋಷ. ಅಜ್ಜಿ ಪುಡಿ ಮಾಡುವ ಕಡೆಯವರು. ರಾತ್ರಿ ಉಳಿದ ರೊಟ್ಟಿಯನ್ನೂ ಲೋಟದಲ್ಲಿ ಪುಡಿ ಮಾಡಿ, ತಣ್ಣನೆ ಮಜ್ಜಿಗೆ ಹುಯ್ದು, ಚಮಚದಲ್ಲಿ ತಿಂದು ಮಲಗುತ್ತಿದ್ದರು. ತಂಗಳು ಮುದ್ದೆ ಮಜ್ಜಿಗೆಗೆ ಕಿವುಚಿಕೊಂಡು ಕುಡಿದು ಹೊಲಕ್ಕೆ ಹೋಗುತ್ತಿದ್ದ ನಮ್ಮ ತಾತನನ್ನು ಅವರು ನೋಡಬೇಕಿತ್ತು.

ಆದರೆ ಆ ಜೋಳ ಆ ಸೀಮೆಗೆ ಒಂದು ದೊಡ್ಡ ಕಷ್ಟವನ್ನೂ ತಂದಿತ್ತು. ಇದನ್ನು ಹೇಳದೆ ಬರೀ ರುಚಿ ಹೇಳಿದರೆ ಸರಿಯಲ್ಲ. ಇಪ್ಪತ್ತನೇ ಶತಮಾನದ ಮೊದಲ ನಾಲ್ಕು ದಶಕ ಅಲ್ಲಿ ಪೆಲ್ಲಾಗ್ರ ಅನ್ನುವ ಕಾಯಿಲೆ ಸಾವಿರಾರು ಜನರನ್ನು ಕೊಂದಿತು. ಬಿಸಿಲು ಬಿದ್ದ ಕಡೆ, ಕೈ, ಕುತ್ತಿಗೆಯ ಚರ್ಮ ಸುಟ್ಟ ಹಾಗೆ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿ ಭ್ರಮಣೆ. ಅಂಟುರೋಗ ಅಂತ ಹೆದರಿದ್ದರು. 1914ರಲ್ಲಿ ಸರ್ಕಾರ ಕಳಿಸಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಅನಾಥಾಲಯಗಳನ್ನೆಲ್ಲ ಸುತ್ತಿ ಒಂದು ವಿಷಯ ಗಮನಿಸಿದರು. ಮಕ್ಕಳಿಗೆ ಬರುತ್ತದೆ, ನೋಡಿಕೊಳ್ಳುವವರಿಗೆ ಬರುವುದಿಲ್ಲ. ಮಿಸಿಸಿಪ್ಪಿಯ ಅನಾಥಾಲಯಗಳಲ್ಲಿ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದರು. ಕಾಯಿಲೆ ಹೆಚ್ಚುಕಡಿಮೆ ನಿಂತೇಹೋಯಿತು. ಊಟದಲ್ಲಿ ಏನೋ ಕೊರತೆ ಅಂತ ಅವರು ಸಾಧಿಸಿ ತೋರಿಸಿದರೂ ಹಲವರು ಒಪ್ಪಲಿಲ್ಲ. ಆ ಕೊರತೆ ನಯಾಸಿನ್ ಅನ್ನುವ ವಿಟಮಿನ್‌ದು ಅಂತ 1937ರಲ್ಲಿ ಗೊತ್ತಾಗುವ ಹೊತ್ತಿಗೆ ಗೋಲ್ಡ್‌ಬರ್ಗರ್ ತೀರಿಕೊಂಡು ಎಂಟು ವರ್ಷವಾಗಿತ್ತು.

ಕೊರತೆ ಯಾಕೆ ಬಂತು? ಬೆಳೆಯಲ್ಲಿ ಪಾಲಿಗೆ ಹೊಲ ಮಾಡುವವರು ಹೊಸ್ತಿಲವರೆಗೂ ಹತ್ತಿಯನ್ನೇ ಹಾಕಬೇಕಿತ್ತು. ಎಷ್ಟೋ ಮನೆಗಳಿಗೆ ಹಿತ್ತಿಲು ಅನ್ನುವುದೇ ಉಳಿಯಲಿಲ್ಲ. ಊಟ ಅಂದರೆ ಅಂಗಡಿಯಿಂದ ಸಾಲಕ್ಕೆ ತಂದ ಜೋಳದ ಹಿಟ್ಟು, ಹಂದಿ ಕೊಬ್ಬು, ಕಾಕಂಬಿ. ಅಮೆರಿಕದ ಮೂಲ ಜನರು ಜೋಳವನ್ನು ಬೂದಿ ನೀರು, ಸುಣ್ಣದ ನೀರಲ್ಲಿ ಬೇಯಿಸುತ್ತಿದ್ದರು, ಅದರಿಂದ ನಯಾಸಿನ್ ದೇಹಕ್ಕೆ ದಕ್ಕುತ್ತಿತ್ತು. ಗಿರಣಿ ಹಿಟ್ಟು ಬಂದಾಗ ಆ ಪದ್ಧತಿ ಜೊತೆಗೆ ಬರಲಿಲ್ಲ. ಇದು ಅವರ ಕಥೆ ಮಾತ್ರ ಅಂದುಕೊಳ್ಳಬೇಡಿ. ದಖನ್ನಿನಲ್ಲಿ ಬರೀ ನಮ್ಮ ಜೋಳದ ಮೇಲೆ ಬದುಕಿದ್ದ ಬಡವರಲ್ಲೂ ಇದೇ ಕಾಯಿಲೆ ಇದ್ದದ್ದನ್ನು ಹೈದರಾಬಾದಿನ ಗೋಪಾಲನ್, ಶ್ರೀಕಾಂತಯ್ಯ ಎಂಬ ವೈದ್ಯರು 1960ರ ಹೊತ್ತಿಗೆ ತೋರಿಸಿದರು.

‘ನಮ್ಮ ಅಜ್ಜಿ ಹತ್ತಿ ಸಾಲಿನ ನಡುವೆ ಕದ್ದು ಅಲಸಂದೆ ಹಾಕುತ್ತಿದ್ದಳು’ ಅಂದರು ಅಜ್ಜಿ. ‘ಬೈಸಿಕೊಂಡಳು, ಮತ್ತೆ ಹಾಕಿದಳು. ನಮ್ಮ ಮನೆಯಲ್ಲಿ ಯಾರಿಗೂ ಆ ಕಾಯಿಲೆ ಬರಲಿಲ್ಲ.’ ಹಾಗೆ ಅನ್ನುತ್ತ ಬಾಣಲೆ ಒರೆಸುತ್ತಿದ್ದರು. ಬಟ್ಟೆ ಸುತ್ತ ಸುತ್ತ ತಿರುಗುತ್ತಲೇ ಇತ್ತು.

ಜನವರಿ ಒಂದನೇ ತಾರೀಕು ಅಲ್ಲಿ ಎಲ್ಲರ ಮನೆಯಲ್ಲೂ ಅಲಸಂದೆ ಮತ್ತು ಸೊಪ್ಪು ಮಾಡಲೇಬೇಕು. ಕಾಳು ಅಂದರೆ ಚಿಲ್ಲರೆ ಕಾಸು, ಸೊಪ್ಪು ಅಂದರೆ ನೋಟು, ವರ್ಷವೆಲ್ಲ ಕೈಯಲ್ಲಿ ದುಡ್ಡಾಡಲಿ ಅಂತ. ನಮ್ಮ ಬೇವು ಬೆಲ್ಲದ ಹಾಗೆ. ‘ಈ ಸಲ ನೀನು ಮಾಡು’ ಅಂದರು. ಕಾಳು ಇದೆ, ಸೊಪ್ಪು ಇದೆ. ನನಗೆ ಇನ್ನೇನು ಬೇಕು? ಎರಡನ್ನೂ ಬೇಯಿಸಿ ಕಟ್ಟು ಬಸಿದೆ. ಈರುಳ್ಳಿ, ಬೆಳ್ಳುಳ್ಳಿ ಹುರಿದೆ. ತೆಂಗಿನಕಾಯಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಮನೆಯಿಂದ ಒಯ್ದ ಸಾರಿನ ಪುಡಿ, ಜೊತೆಗೆ ಒಂದು ಹಿಡಿ ಬೆಂದ ಕಾಳು ಸೊಪ್ಪು. ಎಲ್ಲ ನುಣ್ಣಗೆ ರುಬ್ಬಿ ಕಟ್ಟಿಗೆ ಕದಡಿ ಕುದಿಸಿದೆ. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿದೆ. ಅಜ್ಜಿ ಪಕ್ಕದಲ್ಲಿ ನಿಂತು ನೋಡುತ್ತಲೇ ಇದ್ದರು. ನಾನು ಕಟ್ಟು ಬಸಿಯುವಾಗ ಬಟ್ಟಲು ಹಿಡಿದವರು ಅವರೇ.

ಬಟ್ಟಲಿಗೆ ಸಾರು ಬಡಿಸಿದೆ. ರೊಟ್ಟಿ ಮುರಿದು ಪುಡಿ ಮಾಡಿ ಹಾಕಿಕೊಂಡರು. ಒಂದು ಚಮಚ ತಿಂದು ಕಣ್ಣು ಮುಚ್ಚಿದರು. ಎರಡನೇ ಸಲ ತಾವೇ ಸೌಟು ತೆಗೆದುಕೊಂಡರು. ಆಮೇಲೆ ಎದ್ದು ಹೋಗಿ ಒಂದು ಮರದ ಪೆಟ್ಟಿಗೆ ತಂದರು. ಅಡುಗೆ ಬರೆದಿಟ್ಟ ಕಾರ್ಡುಗಳ ಪೆಟ್ಟಿಗೆ. ಹಳದಿಯಾದ ಕಾರ್ಡುಗಳು, ಕೆಲವು ಅವರಮ್ಮನ ಕೈಬರಹ. ಹೊಸ ಕಾರ್ಡು ತೆಗೆದು ಕನ್ನಡಕ ಹಾಕಿಕೊಂಡರು. ಹೆಸರು ಕೇಳಿದರು. ಬಸ್ಸಾರು ಅಂದೆ. ಮೂರು ಸಲ ಹೇಳಿಸಿ ತಮ್ಮ ಅಕ್ಷರದಲ್ಲಿ ಬರೆದರು. ಹುಣಸೆಹಣ್ಣು ಎಷ್ಟು ಅಂದರು.

‘ಕಟ್ಟು ಕೇಳಿದಷ್ಟು’ ಅಂದೆ.

ತಲೆಯಾಡಿಸಿ, ಅದನ್ನು ಹಾಗೇ ಬರೆದುಕೊಂಡರು.