ನೀರಗಂಟಿ ಒಬ್ಬ ಸಾಕು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕೂ ಜಾಸ್ತಿ ಜನ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟವರು. ಶಾಲೆಯ ಕಂಪ್ಯೂಟರ್ ನೋಡಿಕೊಳ್ಳುವ ಮೇಷ್ಟ್ರುಗಳೂ ಬಂದಿದ್ದೀರಿ. ನಾನೂ ಮಂಡ್ಯದಲ್ಲಿ 16 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಇವತ್ತು ಮಾತಾಡುವುದು ಅಪ್‌ಡೇಟರ್‌ಗಳ ಬಗ್ಗೆ, ಅಂದರೆ ತಂತ್ರಾಂಶಗಳ ಜೊತೆ ಬಂದು ಕೂತು ಅವುಗಳ ಹೊಸ ಆವೃತ್ತಿ ತಾವಾಗಿಯೇ ಇಳಿಸುವ ಪುಟ್ಟ ತಂತ್ರಾಂಶಗಳ ಬಗ್ಗೆ. ನನ್ನ ಅಂಗಡಿಯಲ್ಲಿ ನಡೆದದ್ದರಿಂದಲೇ ಶುರು ಮಾಡುತ್ತೇನೆ.

ಅವತ್ತು ಸ್ಕಾಲರ್‌ಶಿಪ್ ಅರ್ಜಿಗೆ ಕೊನೆ ದಿನ. ದುದ್ದ ಕಡೆಯ ಹಳ್ಳಿಯಿಂದ ತಾಯಿ, ಮಗಳು ಇಬ್ಬರೂ ಬಂದಿದ್ದರು. ಬ್ರಾಡ್‌ಬ್ಯಾಂಡ್ ಬೆಳಗ್ಗೆಯಿಂದ ಕೈಕೊಟ್ಟಿತ್ತು. ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ. ಅರ್ಜಿ ತುಂಬಲು ಅದು ಧಾರಾಳ. ಆದರೆ ಸಂಜೆ ಐದಕ್ಕೇ ಡೇಟಾ ಮುಗಿಯಿತು ಅಂತ ಮೆಸೇಜ್ ಬಂತು. ಯಾರೂ ವಿಡಿಯೊ ನೋಡಿರಲಿಲ್ಲ, ಏನೂ ಡೌನ್‌ಲೋಡ್ ಮಾಡಿರಲಿಲ್ಲ. ಆ ಹುಡುಗಿ ‘ಅಣ್ಣ, ಇನ್ನು ಆಗಲ್ವಾ?’ ಅಂತ ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಪಕ್ಕದ ಬೇಕರಿಯವರ ಫೋನಿನಿಂದ ನೆಟ್ ತಗೊಂಡು ಹೇಗೋ ಅರ್ಜಿ ಹಾಕಿದೆವು.

ರಾತ್ರಿ ಬಾಗಿಲು ಹಾಕಿಕೊಂಡು ಹುಡುಕಿದೆ. ಎರಡು ವರ್ಷದ ಹಿಂದೆ ಒಂದು ಪಿಡಿಎಫ್ ತಂತ್ರಾಂಶ ಹಾಕಿದ್ದೆ. ಇಷ್ಟವಾಗದೆ ತೆಗೆದೂ ಹಾಕಿದ್ದೆ. ತಂತ್ರಾಂಶ ಹೋಗಿತ್ತು, ಅದರ ಜೊತೆ ಬಂದಿದ್ದ ಅಪ್‌ಡೇಟರ್ ಹೋಗಿರಲಿಲ್ಲ. ಇಲ್ಲದ ತಂತ್ರಾಂಶಕ್ಕೆ ಅದು ಹೊಸ ಆವೃತ್ತಿ ಇಳಿಸುತ್ತಿತ್ತು. ನೆಟ್ ನಿಧಾನವಾಗಿ ಅರ್ಧದಲ್ಲೇ ನಿಂತರೆ ಮತ್ತೆ ಮೊದಲಿನಿಂದ ಎಳೆಯುತ್ತಿತ್ತು. ಎರಡು ವರ್ಷ ನನ್ನ ಕರೆಂಟು, ನನ್ನ ಡೇಟಾ, ನನ್ನ 4 ಜಿಬಿ ರ‍್ಯಾಮ್ ಅದರ ಪಾಲಾಗಿತ್ತು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. ಕೆಆರ್‌ಎಸ್ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬರುತ್ತದೆ. ತೂಬು ಎತ್ತಲು ಊರಿಗೊಬ್ಬ ನೀರಗಂಟಿ. ಯಾವ ಗದ್ದೆಗೆ ಯಾವತ್ತು ನೀರು ಅಂತ ಎಲ್ಲರಿಗೂ ಗೊತ್ತು. ಹೆಚ್ಚುಕಡಿಮೆಯಾದರೆ ಅವನನ್ನೇ ನಿಲ್ಲಿಸಿ ಕೇಳಬಹುದು. ಈಗ ಯೋಚನೆ ಮಾಡಿ. ನೀವು ಒಂದು ಅಂಗಡಿಯಲ್ಲಿ ಭತ್ತದ ಬೀಜ ತಗೊಂಡಿರಿ, ಇನ್ನೊಂದರಲ್ಲಿ ಗೊಬ್ಬರ, ಮತ್ತೊಂದರಲ್ಲಿ ಔಷಧಿ. ಮೂವರೂ ನಿಮಗೆ ಹೇಳದೆ ತಮ್ಮ ತಮ್ಮ ನೀರಗಂಟಿಯನ್ನು ನಿಮ್ಮ ಗದ್ದೆಯ ಬದುವಿನ ಮೇಲೆ ಕೂರಿಸಿ ಹೋದರು. ರಾತ್ರಿ ಯಾವನೋ ತೂಬು ಎತ್ತುತ್ತಾನೆ. ಬೀಜ ಬದಲಾಯಿಸಿದರೂ ಅವನು ಎದ್ದು ಹೋಗುವುದಿಲ್ಲ. ಯಾವ ರೈತ ಒಪ್ಪುತ್ತಾನೆ? ಒಂದೊಂದು ತಂತ್ರಾಂಶವೂ ತನ್ನದೇ ಅಪ್‌ಡೇಟರ್ ಕೂರಿಸುವುದೂ ಹೀಗೇ.

ನಾನು ಅಪ್‌ಡೇಟ್ ಬೇಡ ಅನ್ನುತ್ತಿಲ್ಲ. ದಯವಿಟ್ಟು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. 2017ರ ಮೇ 12ರಂದು ವಾನಾಕ್ರೈ ಅನ್ನುವ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ಕಳ್ಳ ತಂತ್ರಾಂಶ ಹರಡಿತು. 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಬಿತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲೇ ಕೊಟ್ಟಿತ್ತು. ಸುಮಾರು ಎರಡು ತಿಂಗಳ ಸಮಯ ಇತ್ತು. ಹಾಕಿಕೊಂಡವರು ಉಳಿದರು.

ಹಾಗಾದರೆ ಜನ ಯಾಕೆ ಹಾಕಿಕೊಳ್ಳುವುದಿಲ್ಲ? ಸೋಮಾರಿತನ ಅಂತ ಬಯ್ಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಅಂಗಡಿಗೆ ರಿಪೇರಿಗೆ ಬರುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅಪ್‌ಡೇಟನ್ನು ಬೇಕಂತಲೇ ನಿಲ್ಲಿಸಿರುತ್ತಾರೆ. ಕೇಳಿದರೆ ಒಂದೇ ಉತ್ತರ: ‘ಏನೇನೋ ತಂದು ತುಂಬುತ್ತೆ ಸಾರ್.’ ಅವರು ಸುಮ್ನೆ ಹೇಳುವುದಿಲ್ಲ, ಅನುಭವಿಸಿ ಹೇಳುತ್ತಾರೆ.

ಆ ಅನುಭವ ಎಲ್ಲಿಂದ ಬಂತು ನೋಡಿ. 2008ರ ಮಾರ್ಚ್‌ನಲ್ಲಿ ಆಪಲ್ ಕಂಪನಿ ವಿಂಡೋಸ್‌ನಲ್ಲಿ ಐಟ್ಯೂನ್ಸ್ ಹಾಕಿಕೊಂಡವರಿಗೆ ಅಪ್‌ಡೇಟರ್ ಮೂಲಕ ಸಫಾರಿ ಬ್ರೌಸರ್ ಕಳಿಸಲು ಹೊರಟಿತು. ಸಫಾರಿಯ ಮುಂದೆ ಮೊದಲೇ ಟಿಕ್ ಹಾಕಿತ್ತು. ಹಾಡು ಕೇಳಲು ಬಂದವರಿಗೆ ಬ್ರೌಸರ್! ಇದು ಅಪ್‌ಡೇಟ್‌ಗಳ ಮೇಲಿನ ನಂಬಿಕೆಯನ್ನೇ ಹಾಳು ಮಾಡುತ್ತದೆ ಎಂದು ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಮುಖ್ಯಸ್ಥರಾಗಿದ್ದ ಜಾನ್ ಲಿಲ್ಲಿ ಆಗಲೇ ಟೀಕಿಸಿದರು. ಮುಂದಿನ ತಿಂಗಳೇ ಆಪಲ್ ಅಪ್‌ಡೇಟ್‌ಗಳನ್ನೂ ಹೊಸ ತಂತ್ರಾಂಶವನ್ನೂ ಬೇರೆ ಬೇರೆ ಪಟ್ಟಿಯಲ್ಲಿ ತೋರಿಸತೊಡಗಿತು. ಗೂಗಲ್ ಅರ್ಥ್ ಹಾಕಿದವರ ಕಂಪ್ಯೂಟರ್‌ಗೆ ಗೂಗಲ್ ಅಪ್‌ಡೇಟ್ ಬಂದು ಕೂತಾಗಲೂ ಇಂಥದೇ ಗಲಾಟೆಯಾಯಿತು. 2009ರ ಏಪ್ರಿಲ್‌ನಲ್ಲಿ ಗೂಗಲ್ ಅದರ ಸೋರ್ಸ್ ಕೋಡನ್ನು ಒಮಾಹಾ ಅನ್ನುವ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಒಳಗೆ ಏನಿದೆ ಅಂತ ನೋಡಲು ಬಿಟ್ಟದ್ದು ಒಳ್ಳೆಯದೇ. ಬೇಕೋ ಬೇಡವೋ ಅಂತ ಕೇಳುವುದು ಬೇರೆ ವಿಷಯ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ತರಿಸುವುದು ಜಾವಾ ಕಥೆ. ಕೆಲವು ಬೇರೆ ತಂತ್ರಾಂಶಗಳು ಓಡಲು ಬೇಕಾಗುವ ತಂತ್ರಾಂಶ ಅದು. ಜಾವಾದಲ್ಲಿ ಆಗ ತೂತುಗಳು ಮೇಲಿಂದ ಮೇಲೆ ಸಿಗುತ್ತಿದ್ದವು, ಅಪ್‌ಡೇಟ್ ನಿಜವಾಗಿಯೂ ಬೇಕಿತ್ತು. ಆ ರಕ್ಷಣೆಯ ಅಪ್‌ಡೇಟ್ ಜೊತೆಯಲ್ಲೇ ಆಸ್ಕ್ ಟೂಲ್‌ಬಾರ್ ಅನ್ನುವ, ಬ್ರೌಸರ್‌ಗೆ ಅಂಟಿಕೊಳ್ಳುವ ಹುಡುಕಾಟದ ಪಟ್ಟಿಯನ್ನು ಟಿಕ್ ಹಾಕಿ ಕಳಿಸುತ್ತಿದ್ದರು. ಒಮ್ಮೆ ಟಿಕ್ ತೆಗೆದರೆ ಮುಂದಿನ ಸಲ ಮತ್ತೆ ಹಾಜರು. ಮಗುವಿಗೆ ಲಸಿಕೆ ಹಾಕಲು ಬಂದವರು ಪ್ರತಿ ಸಲವೂ ಒಂದು ಡಬ್ಬ ಹೆಲ್ತ್ ಪೌಡರ್ ಮನೆಗೆ ತಳ್ಳಿ ಹೋದರೆ ತಾಯಂದಿರು ಏನು ಮಾಡುತ್ತಾರೆ? ಲಸಿಕೆಯವರಿಗೇ ಬಾಗಿಲು ತೆಗೆಯುವುದಿಲ್ಲ. ಕಂಪ್ಯೂಟರ್ ವಿಷಯದಲ್ಲಿ ನಮ್ಮ ಜನ ಮಾಡಿದ್ದೂ ಅದನ್ನೇ.

ಇನ್ನೊಂದು ಅಪಾಯ ಇದೆ. ಅಪ್‌ಡೇಟರ್ ಸಾಮಾನ್ಯವಾಗಿ ತೆರೆಮರೆಯಲ್ಲಿ ಓಡುವ ವಿಂಡೋಸ್ ಸರ್ವಿಸ್ ಆಗಿಯೋ, ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನೇ ಶುರು ಮಾಡುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಟಾಸ್ಕ್ ಆಗಿಯೋ ಕೂತಿರುತ್ತದೆ. ಎಷ್ಟೋ ಸಲ ಅದಕ್ಕೆ ನಿಮಗಿಂತ ಜಾಸ್ತಿ ಅಧಿಕಾರ ಇರುತ್ತದೆ. ನೀವು ಏನಾದರೂ ಹಾಕಬೇಕಾದರೆ ವಿಂಡೋಸ್ ನಿಮ್ಮ ಅನುಮತಿ ಕೇಳುತ್ತದೆ, ಅಪ್‌ಡೇಟರ್ ಹಾಕುವಾಗ ಕೇಳುವುದಿಲ್ಲ. ಅಂಥ ಬಾಗಿಲು ಒಂದಿದ್ದರೆ ಕಾಯಬಹುದು. ಹತ್ತಿದ್ದರೆ? 2018ರಲ್ಲಿ ಏಸಸ್ ಕಂಪನಿಯ ಲೈವ್ ಅಪ್‌ಡೇಟ್ ಅನ್ನುವ ಟೂಲ್‌ನೊಳಗೇ ಕಳ್ಳರು ಸೇರಿಕೊಂಡರು. ಲ್ಯಾಪ್‌ಟಾಪ್ ಕೊಂಡಾಗಲೇ ಅದರಲ್ಲಿ ಇರುತ್ತಿದ್ದ ಟೂಲ್ ಅದು. ಕಂಪನಿಯ ಅಸಲಿ ಡಿಜಿಟಲ್ ಸಹಿಯೊಂದಿಗೇ ಕಳ್ಳ ಕೋಡ್ ಬಂತು. ಆಂಟಿವೈರಸ್ ಮಾಡುವ ಕ್ಯಾಸ್ಪರ್‌ಸ್ಕಿ ಕಂಪನಿ ಅದನ್ನು ಪತ್ತೆ ಮಾಡಿ 2019ರ ಮಾರ್ಚ್‌ನಲ್ಲಿ ಬಯಲು ಮಾಡಿತು. ತಮ್ಮ ಗ್ರಾಹಕರಲ್ಲೇ 57,000 ಜನ ಅದನ್ನು ಹಾಕಿಕೊಂಡಿದ್ದರು ಎಂದು ಅವರು ಹೇಳಿದರು. ಈ ಜನ ಮಾಡಿದ ತಪ್ಪೇನು? ಏನೂ ಇಲ್ಲ.

ವಿಂಡೋಸ್ ಬದಲು ಲಿನಕ್ಸ್ ಬಳಸುವ ಮೇಷ್ಟ್ರಿಗೆ ಈ ಕಷ್ಟ ಕಡಿಮೆ. ಉಬುಂಟು ಅನ್ನುವ ಲಿನಕ್ಸ್‌ನಲ್ಲಿ ಹೆಚ್ಚಿನ ತಂತ್ರಾಂಶಗಳ ಅಪ್‌ಡೇಟ್ ಒಂದೇ ಕಡೆಯಿಂದ ಬರುತ್ತದೆ. ಊರಿಗೊಬ್ಬನೇ ನೀರಗಂಟಿ. ವಿಂಡೋಸ್‌ನಲ್ಲೂ ಈಗ ವಿನ್‌ಗೆಟ್ ಅನ್ನುವುದು ಇದೆ. ಯಾವ ಯಾವ ತಂತ್ರಾಂಶ ಹಳೆಯದಾಗಿದೆ ಅಂತ ಒಂದೇ ಪಟ್ಟಿ ಕೊಡುತ್ತದೆ, ನಾವು ಹೇಳಿದಾಗ ಮಾತ್ರ ಹೊಸದನ್ನು ಹಾಕುತ್ತದೆ. ನಮ್ಮ ಅಂಗಡಿಯಲ್ಲಿ ತಿಂಗಳಿಗೆ ಎರಡು ಸಲ, ಗಿರಾಕಿಗಳು ಕಡಿಮೆ ಇರುವ ಹೊತ್ತಲ್ಲಿ, ನಾನು ಅದನ್ನೇ ಓಡಿಸುತ್ತೇನೆ.

ಹೊಸದಾಗಿ ಏನೇ ಹಾಕುವಾಗಲೂ ‘ಕಸ್ಟಮ್’ ಅಥವಾ ‘ಅಡ್ವಾನ್ಸ್ಡ್’ ಅಂತ ಇದ್ದರೆ ಅದನ್ನೇ ಒತ್ತಿ. ‘ರೆಕಮೆಂಡೆಡ್’ ಅಂತ ಅವರು ಶಿಫಾರಸು ಮಾಡುವುದು ಅವರಿಗೆ ಬೇಕಾದದ್ದನ್ನು. ನೆಕ್ಸ್ಟ್, ನೆಕ್ಸ್ಟ್ ಅಂತ ಓಡಬೇಡಿ, ಗಿರಾಕಿ ಎದುರಿಗೆ ನಿಂತಿದ್ದರೂ ಸರಿ. ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ವೈಫೈ ಸೆಟ್ಟಿಂಗ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿಕೊಳ್ಳಿ. ಆಗ ವಿಂಡೋಸ್ ದೊಡ್ಡ ಡೌನ್‌ಲೋಡ್‌ಗಳನ್ನು ತಡೆಹಿಡಿಯುತ್ತದೆ. ಬೇರೆ ಕಂಪನಿಗಳ ಅಪ್‌ಡೇಟರ್ ಇದಕ್ಕೆ ಬೆಲೆ ಕೊಡಲೇಬೇಕು ಅಂತೇನೂ ಇಲ್ಲ, ಅದೂ ನೆನಪಿರಲಿ. ವಿಂಡೋಸ್ ಅಪ್‌ಡೇಟ್, ಬ್ರೌಸರ್ ಅಪ್‌ಡೇಟ್, ಆಂಟಿವೈರಸ್, ಈ ಮೂರನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಕೇಂದ್ರ ಸರ್ಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ ಮಾರ್ಗಸೂಚಿ ತಂದಿದೆ. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಅದು ಹೆಸರಿಸುತ್ತದೆ. ಸಂಬಂಧವೇ ಇಲ್ಲದ ಇನ್ನೊಂದು ಸೇವೆಗೆ ಬಲವಂತವಾಗಿ ಸೇರಿಸುವುದೂ ಅದರಲ್ಲಿದೆ. ಅಂದರೆ ನಮಗೆ ಆಗುತ್ತಿರುವ ಕಿರಿಕಿರಿ ಬರೀ ಗೊಣಗಾಟ ಅಲ್ಲ. ಗ್ರಾಹಕರಾಗಿ ಕೇಳುವ ಹಕ್ಕು ನಮಗಿದೆ.

ಹಿಂದಿನ ಮೇಜಿನ ಮೇಲೆ ನಮ್ಮ ಅಂಗಡಿಯ ಅದೇ ಹಳೇ ಕಂಪ್ಯೂಟರ್ ತಂದಿಟ್ಟಿದ್ದೇನೆ. ಟೀ ಕುಡಿದು ಎಲ್ಲರೂ ಅಲ್ಲಿಗೆ ಬನ್ನಿ, ಟಾಸ್ಕ್ ಶೆಡ್ಯೂಲರ್ ತೆರೆದು ತೋರಿಸುತ್ತೇನೆ. ಯಾವುದು ಯಾರದ್ದು ಅಂತ ಒಂದೊಂದಾಗಿ ನೋಡೋಣ. ಅನುಮಾನ ಬಂದದ್ದನ್ನು ಡಿಲೀಟ್ ಮಾಡುವುದು ಬೇಡ, ಮೊದಲು ಡಿಸೇಬಲ್ ಮಾಡಿ ಒಂದು ವಾರ ಕಾಯುವುದು ಹೇಗೆ ಅಂತಲೂ ಹೇಳುತ್ತೇನೆ. ಲ್ಯಾಪ್‌ಟಾಪ್ ತಂದಿರುವವರು ಚಾರ್ಜರ್ ಸಮೇತ ಮುಂದೆ ಬನ್ನಿ, ಪ್ಲಗ್ ಪಾಯಿಂಟ್ ಎರಡೇ ಇವೆ.